ರಾಜಬಂದಿಯ ಗದ್ಯ

ಸೆರೆಮನೆಯಲ್ಲಿ ಹುಟ್ಟಿದ ಗ್ರಂಥಗಳನ್ನು ಕುರಿತು ಬರೆಯುವಾಗ ನಮ್ಮ ವಿಮರ್ಶಕರು ಸಾಮಾನ್ಯವಾಗಿ ಗ್ರಂಥಕರ್ತನ ಧೈರ್ಯ, ತ್ಯಾಗ, ಸಹನೆಗಳನ್ನು ಹೊಗಳಿ ಲೇಖನಿಯನ್ನು ಕೆಳಗಿಡುತ್ತಾರೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದು ವ್ಯಕ್ತಿಯ ಗುಣಗ್ರಹಣವಾಯಿತೇ ಹೊರತು ಗ್ರಂಥದ ವಿಮರ್ಶೆಯಾಗಲಿಲ್ಲ. ಬಂದಿಯನ್ನು ಯಾವ ಕ್ರಮದಿಂದ ಹಿಡಿದರು, ಯಾವ ಆಜ್ಞಾಪತ್ರದ ಬಲದಿಂದ ಕೂಡಿಹಾಕಿದರು, ಉತ್ತರ ಹೇಳಲು ಅವನಿಗೆ ಎಡೆ ಕೊಟ್ಟರೇ ಇಲ್ಲವೇ—ಇವೆಲ್ಲ ವಕೀಲರಿಗೆ ಸೇರಿದ ಪ್ರಶ್ನೆಗಳೆಂದು ಬಿಟ್ಟುಬಿಡುವುದು ವಾಡಿಕೆ. ಅವು ಸಾಹಿತ್ಯಕ್ಕೂ ಸೇರಿದವು. ಬಂದಿಯ ಗದ್ಯ ಯಾವ ರೂಪವನ್ನು ತಾಳಬೇಕೆಂಬುದನ್ನು ಬಹುಮಟ್ಟಿಗೆ ಆ ಆಜ್ಞಾಪತ್ರವೇ ಗೊತ್ತುಮಾಡುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಪರೀಕ್ಷೆಗೆ ಆರಿಸಿಕೊಂಡದ್ದು, ಲಾಲಾ ಲಜಪತರಾಯರು ತಮ್ಮ ಗಡೀಪಾರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು ೧೯೦೮ರಲ್ಲಿ ಪ್ರಕಟಿಸಿದ ವೃತ್ತಾಂತ. ಹೋಲಿಕೆಗಾಗಿ ಅದರ ಪಕ್ಕದಲ್ಲಿಡುವುದು, ಅದೇ ಮಂಡಲೆಯಲ್ಲಿ ರಚಿತವಾದ ಲೋಕಮಾನ್ಯ ತಿಲಕರ ‘ಗೀತಾರಹಸ್ಯ’.

ಮೊದಲು ಆಜ್ಞಾಪತ್ರವನ್ನೇ ಓದೋಣ. ಕಂಪನಿ ಸರಕಾರ ೧೮೧೮ರಲ್ಲಿ ಬಂಗಾಳದಲ್ಲಿ ಮೂರನೆಯ ರೆಗ್ಯುಲೇಷನ್ ಎಂಬ ಶಾಸನವನ್ನು ಹೊರಡಿಸಿತು. ಮರುವರ್ಷ ಮದರಾಸಿನಲ್ಲಿ ಎರಡನೆಯ ರೆಗ್ಯುಲೇಷನ್, ೧೮೨೭ರಲ್ಲಿ ಮುಂಬಯಿಯಲ್ಲಿ ಇಪ್ಪತ್ತೈದನೆಯ ರೆಗ್ಯುಲೇಷನ್ ಅದೇ ಜಾಡಿನಲ್ಲಿ ಬಂದವು. ಕಾಸರಗೋಡು ಆಗ ಮದರಾಸು ಅಧಿಪತ್ಯದ ಕೆನರಾ ಜಿಲ್ಲೆಯಲ್ಲಿದ್ದಿತು. ಧಾರವಾಡ ಬೆಳಗಾವಿಗಳು ಮುಂಬಯಿಯ ಕೈಕೆಳಗಿದ್ದವು. ಹೀಗೆ ಕನ್ನಡದ ನಾಡು ಯಾವ ಅಧಿಪತ್ಯಕ್ಕೆ ಹರಿದು ಹಂಚಿಹೋಗಿದ್ದರೂ ಈ ಒಂದು ವಿಷಯದಲ್ಲಿ ಅದಕ್ಕೆ ಐಕ್ಯವಿದ್ದಿತೆಂದು ಹೇಳಬಹುದು!

ಬಂಗಾಳದ ಶಾಸನದ ಪೀಠಿಕೆ ನೋಡತಕ್ಕದ್ದು. ಪರರಾಜ್ಯಗಳೊಡನೆ ಮಾಡಿಕೊಂಡ ಮೈತ್ರಿಯ ಪಾಲನೆ, ದೇಶೀಯ ಸಂಸ್ಥಾನಗಳ ನೆಮ್ಮದಿ, ಹೊರಗಿನ ಶತ್ರುಗಳಿಂದಲೂ ಒಳಗಿನ ಗಲಭೆಯಿಂದಲೂ ರಾಜ್ಯದ ರಕ್ಷಣೆ—ಇಂತಹ ರಾಜಕಾರಣಗಳಿಗಾಗಿ ಕೆಲವರನ್ನು ಬಂಧನದಲ್ಲಿಡಬೇಕಾದೀತು. ಅವರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲು ಸಾಕಷ್ಟು ಆಧಾರವಿಲ್ಲದಿರಬಹುದು, ಅಥವಾ ಅದು ಉಚಿತವಾಗದಿರಬಹುದು ಎಂಬುದು ಅದರ ತಾತ್ಪರ್ಯ. ಸಾಮಾನ್ಯ ಕಾನೂನು ಯಾವುದನ್ನು ತನ್ನ ಕೊರತೆಯೆಂದು ಬಚ್ಚಿಡುತ್ತದೆಯೋ ಅದನ್ನು ಈ ಕಾನೂನು ತನ್ನ ಅಧಿಕಾರದ ಮೂಲವೆಂದೇ ಮುಂದಿಡುತ್ತದೆ. ಆಧಾರವಿಲ್ಲದಿರುವುದೇ ಇಲ್ಲಿ ಆಧಾರ.

ಶಾಸನದೊಳಗೆ ಆಜ್ಞಾಪತ್ರದ ನಮೂನೆಯೂ ಇದೆ. ಅದನ್ನು ಬರೆಯುವುದು ಬಂದಿಗಲ್ಲ, ಅವನನ್ನು ವಶಕ್ಕೆ ತೆಗೆದುಕೊಳ್ಳಬೇಕಾದ ಅಧಿಕಾರಿಗೆ. ಅದರಲ್ಲಿ ತುಂಬಬೇಕಾದ ಖಾಲಿ ಸ್ಥಳಗಳಲ್ಲಿ ಒಂದು ಬಂದಿಯ ಹೆಸರಿಗೆ, ಇನ್ನೊಂದು ಅವನನ್ನಿಡತಕ್ಕ ಊರಿನ ಹೆಸರಿಗೆ. ಕಾರಣಕ್ಕೆ ಸ್ಥಳವನ್ನೇ ಬಿಟ್ಟಿಲ್ಲ. ಒಳ್ಳೆಯ ಹಾಗೂ ಸಾಕಷ್ಟು ಕಾರಣಗಳಿವೆ ಎಂಬ ಮಾತು ಮೊದಲೇ ಅಚ್ಚಾಗಿ ಕುಳಿತಿದೆ. ಬಿಟ್ಟ ಸ್ಥಳ ತುಂಬುವುದನ್ನು ಎಳೆಯರಿಗೆ ಕಲಿಸುವ ಉಪಾಧ್ಯಾಯನಿಗೆ ಈ ನಮೂನೆ ಬೇಗ ಅರ್ಥವಾಗುತ್ತದೆ. ಯಾವುದನ್ನು ತುಂಬಲು ಹೇಳಿಲ್ಲವೋ ಅದನ್ನು ಯಾರೂ ಯೋಚಿಸಬೇಕಾದ ಅಗತ್ಯವಿಲ್ಲವೆಂದೇ ಅರ್ಥ.

ಇಷ್ಟೇ ಆಗಿದ್ದರೆ ಇದನ್ನು ಕ್ರೂರ ಶಾಸನವೆಂದು ಕರೆದು ಮುಂದೆ ಸಾಗಬಹುದಿತ್ತು. ವಿಚಿತ್ರವೆಂದರೆ ಇದು ದಯೆಯ ಭಾಷೆಯನ್ನೂ ಬಲ್ಲುದು. ವಶದಲ್ಲಿಟ್ಟುಕೊಂಡ ಅಧಿಕಾರಿ ಜನವರಿ ಒಂದರಂದೂ ಜುಲೈ ಒಂದರಂದೂ ಬಂದಿಯ ನಡತೆ, ದೇಹಸ್ಥಿತಿ, ಸೌಕರ್ಯಗಳನ್ನು ಕುರಿತು ಗವರ್ನರ್ ಜನರಲರ ಸಭೆಗೆ ವರದಿ ಕಳುಹಿಸಬೇಕು. ಬಂಧನದ ಬಿಗಿಯಿಂದ ಅವನ ಆರೋಗ್ಯ ಕೆಡುವಂತಿದೆಯೇ, ಗೊತ್ತುಪಡಿಸಿದ ಭತ್ಯ ಅವನಿಗೂ ಅವನ ಕುಟುಂಬಕ್ಕೂ ಅಂತಸ್ತಿಗೆ ತಕ್ಕಷ್ಟಿದೆಯೇ ಎಂದು ತಿಳಿಸಬೇಕು. ಅವನು ಅರ್ಜಿ ಬರೆದರೆ ತಡೆಯದೆ ಮೇಲಕ್ಕೆ ಕಳುಹಿಸಬೇಕು. ಊಟವಾಯಿತೇ, ನಿದ್ದೆ ಬಂದಿತೇ, ಮನೆಯವರು ಸುಖವೇ ಎಂದು ವರ್ಷಕ್ಕೆರಡು ಸಲ ಕೇಳುವ ಸರಕಾರ, ಈತ ಮಾಡಿದ್ದೇನು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಸುವುದಿಲ್ಲ. ಬಿಡುಗಡೆಯ ದಿನವನ್ನೂ ಹೇಳುವುದಿಲ್ಲ. ಶಿಕ್ಷೆಗೆ ಅವಧಿಯುಂಟು, ಇದು ಶಿಕ್ಷೆಯಲ್ಲವಾದ್ದರಿಂದ ಅವಧಿಯಿಲ್ಲ. ಕರಿನೀರಿಗೆ ಹೋದ ಅಪರಾಧಿಗೆ ದಿನಗಳನ್ನು ಎಣಿಸುವ ಅನುಕೂಲವಾದರೂ ಇತ್ತು. ರಾಜಬಂದಿಗೆ ಎಣಿಸಲು ಮೊದಲಿದೆ, ಕೊನೆಯಿಲ್ಲ.

ನ್ಯಾಯಾಲಯಕ್ಕೆ ಹೋಗಲಾಗದೇ ಎಂದರೆ, ೧೮೭೦ರಲ್ಲಿ ಅಮೀರ್ ಖಾನ್ ಎಂಬ ರಾಜಬಂದಿಯ ಪರವಾಗಿ ಕಲ್ಕತ್ತೆಯ ಹೈಕೋರ್ಟಿನಲ್ಲಿ ಅದನ್ನೂ ಮಾಡಿ ನೋಡಿದರು. ಗವರ್ನರ್ ಜನರಲರ ಆಜ್ಞಾಪತ್ರವಿದ್ದ ಮೇಲೆ ಬಂಧನ ಕಾನೂನುಬದ್ಧವೇ ಎಂದು ತೀರ್ಪಾಯಿತು.

ಈಗ ಲಜಪತರಾಯರ ಗ್ರಂಥಕ್ಕೆ ಬರೋಣ. ೧೯೦೭ನೆಯ ಇಸವಿಯಲ್ಲಿ ಪಂಜಾಬಿನ ಕಾಲುವೆಯ ನೀರಿನ ದರ ಏರಿಕೆಯನ್ನೂ ಹೊಸ ವಸಾಹತುಗಳ ಮಸೂದೆಯನ್ನೂ ವಿರೋಧಿಸಿ ರೈತರು ಎದ್ದಿದ್ದರು. ಮೇ ೯ರಂದು ಲಾಹೋರಿನಲ್ಲಿ ಲಜಪತರಾಯರನ್ನು ಹಿಡಿದು, ರೈಲಿನಲ್ಲೂ ಹಡಗಿನಲ್ಲೂ ಸಾಗಿಸಿ, ಬರ್ಮಾದ ಮಂಡಲೆಯ ಕೋಟೆಗೆ ಮುಟ್ಟಿಸಿದರು. ಭಗತ್ ಸಿಂಗರ ಚಿಕ್ಕಪ್ಪ ಅಜಿತ್ ಸಿಂಗರೂ ಜೂನಿನಲ್ಲಿ ಅಲ್ಲಿಗೆ ಬಂದರು. ಒಂದೇ ಕೋಟೆಯಲ್ಲಿದ್ದರೂ ಇಬ್ಬರ ನಡುವೆ ಸಂಪರ್ಕಕ್ಕೆ ಅವಕಾಶವಿರಲಿಲ್ಲ. ರೈತರನ್ನು ಕೆರಳಿಸಿದ್ದ ಮಸೂದೆಗೆ ಅದೇ ವರ್ಷ ವೈಸರಾಯ್ ಮಿಂಟೋ ಸಮ್ಮತಿಯನ್ನು ನಿರಾಕರಿಸಿದನು. ನವೆಂಬರಿನಲ್ಲಿ ಇಬ್ಬರನ್ನೂ ಬಿಟ್ಟರು. ಹಿಡಿದದ್ದೇಕೆಂದು ಹೇಳಲಿಲ್ಲ, ಬಿಟ್ಟದ್ದೇಕೆಂದೂ ಹೇಳಲಿಲ್ಲ.

ಬಿಡುಗಡೆಯಾದ ಮರುವರ್ಷವೇ ಹೊರಬಂದ ಈ ಗ್ರಂಥದ ಮೇಲೆ ರಸಿಕರಾದವರು ಹೊರಿಸಬಹುದಾದ ದೋಷಗಳೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಒಣ ಗದ್ಯ, ಇಲ್ಲಿ ಕಾವ್ಯವಿಲ್ಲ, ವಕೀಲಿ ವೃತ್ತಿಯವರ ಬರವಣಿಗೆ, ದಾವೆಯ ಅರ್ಜಿಯಂತೆ ತೋರುತ್ತದೆ, ದಿನ, ಗಂಟೆ, ಊಟ, ಪತ್ರವ್ಯವಹಾರ, ವೈಸರಾಯರಿಗೆ ಕಳುಹಿಸಿದ ಮನವಿ ಇಂತಹ ವಿವರಗಳು ಹೆಚ್ಚು, ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ಹೊರಿಸದ ಆರೋಪಗಳನ್ನು ತಾವೇ ಊಹಿಸಿಕೊಂಡು ಉತ್ತರ ಹೇಳುತ್ತಾರೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವನ್ನು ದೋಷವೆಂದು ಕರೆಯುವವರು ನಮೂನೆಯನ್ನು ಓದಿದವರಲ್ಲ.

ಬೇರೆಲ್ಲ ಬಂದಿಗಳ ಬಾಳಿನಲ್ಲಿ ಸರಕಾರ ತಾನೇ ಮಾಡಿಡುವ ಒಂದು ಬರವಣಿಗೆಯಿರುತ್ತದೆ. ಆರೋಪಪತ್ರ, ಸಾಕ್ಷಿಯ ಹೇಳಿಕೆ, ತೀರ್ಪು ಇವು ಸುಳ್ಳಾಗಿರಲಿ ನಿಜವಾಗಿರಲಿ, ದಫ್ತರದಲ್ಲಿ ಉಳಿಯುತ್ತವೆ. ಮುಂದೊಂದು ಕಾಲಕ್ಕೆ ಯಾರಾದರೂ ಅವನ್ನು ಬಿಚ್ಚಿ ನೋಡಿ, ಅನ್ಯಾಯವಾಯಿತೆಂದು ಹೇಳಬಹುದು. ರಾಜಬಂದಿಯ ವಿಷಯದಲ್ಲಿ ಆ ಸ್ಥಳ ಬರಿದು. ಆದುದರಿಂದ ಅವನು ಪುಸ್ತಕ ಬರೆದರೆ, ನಡೆಯದೆ ಹೋದ ವಿಚಾರಣೆಯ ಎಲ್ಲ ಪಾತ್ರಗಳನ್ನೂ ಅವನೊಬ್ಬನೇ ವಹಿಸಬೇಕಾಗುತ್ತದೆ. ಆರೋಪವನ್ನು ಊಹಿಸುವವನೂ ಅವನೇ, ಸಾಕ್ಷಿಯೂ ಅವನೇ, ವಾದಿಸುವವನೂ ಅವನೇ. ತೀರ್ಪನ್ನು ಮಾತ್ರ ವಾಚಕನಿಗೆ ಬಿಡುತ್ತಾನೆ. ಇಂತಹ ಕಡೆಯಲ್ಲಿ ಅಲಂಕಾರವೊಂದು ನುಸುಳಿದರೂ ಸಾಕ್ಷ್ಯ ಕೆಡುತ್ತದೆ. ದಿನವನ್ನೂ ಗಂಟೆಯನ್ನೂ ಬರೆದಿಡುವುದು ಅಲ್ಲಿ ಶೈಲಿಯ ದಾರಿದ್ರ್ಯವಲ್ಲ, ಶೈಲಿಯ ಧರ್ಮ.

ಇದಕ್ಕೆ ಹೊರಗಿನ ಸಾಕ್ಷ್ಯವೂ ಉಂಟು. ಲಜಪತರಾಯರ ಮೇಲೆ ಅಪವಾದಗಳನ್ನು ಅಚ್ಚುಮಾಡಿದ್ದ ಕಲ್ಕತ್ತೆಯ ‘ಇಂಗ್ಲಿಷ್‌ಮನ್’ ಪತ್ರಿಕೆಯ ಮೇಲೆ ಬಿಡುಗಡೆಯ ಬಳಿಕ ಅವರು ಮಾನನಷ್ಟದ ದಾವೆ ಹೂಡಿ ಗೆದ್ದರು. ಪತ್ರಿಕೆ ಆಡಿದ ಮಾತಿಗೆ ನ್ಯಾಯಾಲಯದಲ್ಲಿ ರುಜುವಾತು ಕೊಡಬೇಕಾಗಿತ್ತು. ಆರು ತಿಂಗಳು ಮನುಷ್ಯನನ್ನೇ ಕೋಟೆಯಲ್ಲಿಟ್ಟ ಸರಕಾರ ಯಾವ ರುಜುವಾತನ್ನೂ ಕೊಡಬೇಕಾಗಿರಲಿಲ್ಲ. ಅದು ಮಾತನ್ನೇ ಆಡಿರಲಿಲ್ಲವಷ್ಟೆ!

ಇದು ಲಜಪತರಾಯರ ಸ್ವಭಾವವೇ ಹೊರತು ಕ್ರಮದ ಪರಿಣಾಮವಲ್ಲವೆಂದು ವಾದಿಸುವವರಿದ್ದರೆ ಅವರು ೧೯೨೮ರ ‘ಅನ್‌ಹ್ಯಾಪಿ ಇಂಡಿಯಾ’ವನ್ನು ತೆಗೆದು ನೋಡಬೇಕು. ಅಮೆರಿಕದ ಕ್ಯಾಥರೀನ್ ಮೇಯೋ ಎಂಬಾಕೆ ಭಾರತವನ್ನು ಹಳಿದು ಬರೆದುದಕ್ಕೆ ಅದು ಪ್ರತ್ಯುತ್ತರ. ಅಲ್ಲಿ ಆರೋಪ ಅಚ್ಚಾಗಿ ಎದುರಿಗಿದೆ. ಆದ್ದರಿಂದಲೇ ಲೇಖನಿಗೆ ತೀಕ್ಷ್ಣತೆ ಬಂದಿದೆ; ಎದುರಾಳಿಯ ಮಾತನ್ನು ಹಿಡಿದು ತಿರುಗಿಸುವ ಉತ್ಸಾಹವಿದೆ. ಗಡೀಪಾರಿನ ಗ್ರಂಥದಲ್ಲಿ ಅದೇ ಲೇಖನಿ ಕತ್ತಲಲ್ಲಿ ಗೋಡೆ ತಡಕುತ್ತದೆ. ಗ್ರಂಥದ ನಿಜವಾದ ಮಿತಿಯೂ ಇಲ್ಲಿಯೇ ಇದೆ. ಊಹಿಸಿದ ಆರೋಪಗಳನ್ನೆಲ್ಲ ಅಲ್ಲಗಳೆಯುವ ಭರದಲ್ಲಿ, ತಾನು ಮಾಡಿದ್ದೇ ಸರಿಯಾಗಿತ್ತೆಂದು ಎದೆಯುಬ್ಬಿಸಿ ಹೇಳಲು ಗ್ರಂಥಕರ್ತರಿಗೆ ಬಿಡುವಾಗುವುದಿಲ್ಲ. ಕಾರಣ ಹೇಳದ ಕಾನೂನಿನ ದುಷ್ಟತನ ಬಂಧನದಿಂದ ಮುಗಿಯುವುದಿಲ್ಲ. ಬಿಡುಗಡೆಯಾದವನ ವಾಕ್ಯಗಳೊಳಗೂ ಅದು ಕಾವಲು ನಿಲ್ಲುತ್ತದೆ.

ತಿಲಕರ ಗ್ರಂಥವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ೧೯೦೮ರ ಜುಲೈಯಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಅವರ ವಿಚಾರಣೆ ನಡೆಯಿತು. ಅದು ನ್ಯಾಯವಾದ ವಿಚಾರಣೆಯೆಂದು ಹೇಳುತ್ತಿಲ್ಲ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಏಳು ಜನ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಆದರೂ ಆರೋಪ ‘ಕೇಸರಿ’ಯ ಲೇಖನಗಳ ರೂಪದಲ್ಲಿ ಎದುರಿಗಿತ್ತು. ತಿಲಕರು ಇಪ್ಪತ್ತು ಗಂಟೆಗೂ ಮಿಗಿಲಾಗಿ ನಿಂತು ಉತ್ತರ ಹೇಳಿದರು. ಆರು ವರ್ಷದ ಶಿಕ್ಷೆಯಾಯಿತು. ಆಡಬೇಕಾದುದನ್ನು ನ್ಯಾಯಾಲಯದಲ್ಲಿ ಆಡಿ ಮುಗಿಸಿದ್ದರಿಂದ, ಮಂಡಲೆಯಲ್ಲಿ ಕುಳಿತಾಗ ಅವರಿಗೆ ತಮ್ಮ ಮೊಕದ್ದಮೆಯ ಹಂಗಿರಲಿಲ್ಲ. ೧೯೧೦–೧೧ರ ಚಳಿಗಾಲದಲ್ಲಿ ಪೆನ್ಸಿಲಿನಿಂದ ಬರೆದ ‘ಗೀತಾರಹಸ್ಯ’ ೧೯೧೫ರಲ್ಲಿ ಅಚ್ಚಾಯಿತು. ಆಲೂರು ವೆಂಕಟರಾಯರ ಅನುವಾದದಿಂದ ಅದು ಕನ್ನಡಿಗರ ಕೈಗೂ ಬಂದಿತು. ಬರೆದ ಸಂದರ್ಭವನ್ನು ಪೀಠಿಕೆಯಲ್ಲಿ ಹೇಳಿದ್ದುಂಟು. ಆದರೆ ಗ್ರಂಥದ ವಿಚಾರಸರಣಿಯಲ್ಲಿ ಸೆರೆಮನೆಯ ಗೋಡೆ ಎಲ್ಲಿಯೂ ಅಡ್ಡ ಬರುವುದಿಲ್ಲ. ತಿಲಕರೂ ಕಾನೂನು ಓದಿದವರೇ ಆದ್ದರಿಂದ ಇದು ವೃತ್ತಿಯ ವ್ಯತ್ಯಾಸವಲ್ಲ. ಒಬ್ಬರಿಗೆ ಆರೋಪವನ್ನು ಓದಿ ಹೇಳಿದ್ದರು, ಇನ್ನೊಬ್ಬರಿಗೆ ಹೇಳಿರಲಿಲ್ಲ. ಆದ್ದರಿಂದ ಒಬ್ಬರು ಗೀತೆಯನ್ನು ಕುರಿತು ಬರೆಯಬಲ್ಲವರಾದರು. ಇನ್ನೊಬ್ಬರು ತಮ್ಮನ್ನು ಕುರಿತೇ ಬರೆಯಬೇಕಾಯಿತು.

ಕನ್ನಡದಲ್ಲಿ ಈ ವಿಷಯಕ್ಕೆ ಸಮೀಪದ ಕೃತಿಯಾವುದೆಂದರೆ ಮಾಸ್ತಿಯವರು ೧೯೫೬ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ ನೆನಪಾಗುತ್ತದೆ. ೧೮೩೪ರಲ್ಲಿ ಕಂಪನಿ ಕೊಡಗನ್ನು ನುಂಗಿ ಅರಸನನ್ನು ಕಾಶಿಗೆ ಸಾಗಹಾಕಿತು. ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ ಆತ ೧೮೫೯ರಲ್ಲಿ ಅಲ್ಲಿಯೇ ತೀರಿಕೊಂಡ. ತನ್ನ ಹಣಕ್ಕಾಗಿ ಕಂಪನಿಯ ಮೇಲೆ ಹೂಡಿದ್ದ ದಾವೆ, ಇದು ರಾಜ್ಯಾಧಿಕಾರದ ಕೃತ್ಯ, ನ್ಯಾಯಾಲಯ ಕೈಹಾಕುವಂತಿಲ್ಲ ಎಂದು ಬಿದ್ದುಹೋಯಿತು. ಇಲ್ಲಿನ ಸಂಗತಿ ಲಜಪತರಾಯರದಕ್ಕೆ ವಿರುದ್ಧ. ಕಂಪನಿ ಕಾರಣವನ್ನು ಡಂಗುರ ಹೊಡೆದು ಸಾರಿತ್ತು. ಕೇಳಿಸದೆ ಹೋದದ್ದು ಇನ್ನೊಂದು ಪಕ್ಷ. ಮಾಸ್ತಿಯವರು ಅರಸನ ಕ್ರೌರ್ಯವನ್ನು ಮುಚ್ಚಿಡದೆ, ಕಂಪನಿಯ ಸಂಚನ್ನೂ ಬಿಡದೆ, ಎಲ್ಲರ ಹೇಳಿಕೆಯನ್ನೂ ಕೇಳುತ್ತಾರೆ. ವಿಚಾರಣೆ ನಡೆಯದ ಕಡೆಯಲ್ಲಿ ಸಾಹಿತ್ಯ ತಡವಾಗಿಯಾದರೂ ಕಟಕಟೆಯನ್ನು ಹಾಕಿ ಕೂಗುತ್ತದೆ ಎಂಬುದಕ್ಕೆ ಅದು ನಿದರ್ಶನ.

ಇವೆಲ್ಲ ಹಳೆಯ ರಾಜ್ಯದ ಕಥೆಯೆಂದು ಕಾಸರಗೋಡಿನ ವಾಚಕರು ಪುಸ್ತಕ ಮುಚ್ಚುವಂತಿಲ್ಲ. ೧೯೫೭, ೧೯೬೨, ೧೯೬೭ರಲ್ಲಿ ಇಲ್ಲಿಂದ ಲೋಕಸಭೆಗೆ ಆಯ್ಕೆಯಾದ ಎ. ಕೆ. ಗೋಪಾಲನ್ನರೇ ೧೯೫೦ರಲ್ಲಿ ಸ್ವತಂತ್ರ ಭಾರತದ ಪ್ರತಿಬಂಧಕ ಸ್ಥಾನಬದ್ಧತೆಯ ಕಾನೂನನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು. ಅವರ ಅರ್ಜಿ ಬಿದ್ದುಹೋಯಿತು. ಆದರೆ ಬಂಧನದ ಕಾರಣಗಳನ್ನು ನ್ಯಾಯಾಲಯದ ಮುಂದೆಯೂ ಹೊರಗೆಡಹಬಾರದೆಂದಿದ್ದ ಹದಿನಾಲ್ಕನೆಯ ಕಲಮು ಅಸಿಂಧುವೆಂದು ನ್ಯಾಯಾಧೀಶರು ಸಾರಿದರು. ಸಂವಿಧಾನದ ಇಪ್ಪತ್ತೆರಡನೆಯ ಅನುಚ್ಛೇದ, ಬಂಧಿತನಿಗೆ ಕಾರಣ ತಿಳಿಸಬೇಕೆಂದು ವಿಧಿಸಿತು. ಸಾರ್ವಜನಿಕ ಹಿತಕ್ಕೆ ಬಾಧಕವಾದ ಸಂಗತಿಗಳನ್ನು ತಿಳಿಸಬೇಕಾಗಿಲ್ಲವೆಂದು ಒಂದು ಬಾಗಿಲನ್ನೂ ತೆರೆದಿಟ್ಟಿತು. ನೂರ ಮೂವತ್ತೆರಡು ವರ್ಷಗಳ ಮೇಲೆ ನಮೂನೆಯಲ್ಲಿ ಕಾರಣಕ್ಕೊಂದು ಖಾಲಿ ಸ್ಥಳ ಬಿದ್ದಿತು. ಅದನ್ನು ಏನೆಂದು ತುಂಬುತ್ತಾರೆ, ಎಷ್ಟನ್ನು ಬಿಡುತ್ತಾರೆ ಎಂಬುದು ಪ್ರತಿಯೊಂದು ಪ್ರಕರಣದಲ್ಲಿಯೂ ನೋಡತಕ್ಕ ಮಾತು.

ಆದುದರಿಂದ ಸೆರೆಮನೆಯ ಗ್ರಂಥವನ್ನು ಕೈಗೆತ್ತಿಕೊಂಡ ವಿಮರ್ಶಕ, ರಸವೆಲ್ಲಿ ಎಂದು ಹುಡುಕುವ ಮೊದಲು, ಆರೋಪವೆಲ್ಲಿ ಎಂದು ಕೇಳಲಿ. ಆರೋಪ ದೊರೆತರೆ ಗ್ರಂಥವನ್ನು ಗ್ರಂಥದಂತೆ ತೂಗಬಹುದು. ದೊರೆಯದಿದ್ದರೆ, ಅದರ ಒಣ ವಾಕ್ಯಗಳು ಯಾರು ಬರೆಯದೆ ಬಿಟ್ಟ ಕಾಗದದ ಸ್ಥಾನದಲ್ಲಿ ನಿಂತಿವೆ ಎಂಬುದನ್ನು ತಿಳಿದು ಓದಲಿ. ಲಜಪತರಾಯರ ಪುಸ್ತಕಕ್ಕೆ ಅಷ್ಟು ನ್ಯಾಯವಾದರೂ ನಮ್ಮಿಂದ ಸಲ್ಲಬೇಕು.