ಹೊಗೆಯನ್ನು ಗಣಿಸುವ ವಿದ್ಯೆ

ದುದ್ದದ ಕಬ್ಬಿನ ಸೀಮೆಯಲ್ಲಿ ಆಲೆಮನೆಯ ಹೊಗೆ ವಾಲಿದತ್ತ ನೋಡಿ ಗಾಳಿಯ ದಿಕ್ಕನ್ನರಿಯುತ್ತ ಬೆಳೆದ ನನಗೆ, 1974ರಲ್ಲಿ ಮಹಾಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿನಂತಹ ತಾಣಗಳಲ್ಲಿ, ಹಡಗಿನ ಹೊಗೆಗೊಳವೆಗೆ ಮಾಪಕವನ್ನಿಡದೆಯೇ ಅದರ ಧೂಮವನ್ನು ಗಣಿಸಬಲ್ಲ ವಿದ್ಯೆಯು ಪರಮಾದರಣೀಯವಾಗಿ ತೋರುತ್ತದೆ. ದಕ್ಕೆಗೆ ಕಟ್ಟಿದ ಹಡಗಿನ ಮುಖ್ಯ ಯಂತ್ರವು ವಿಶ್ರಮಿಸಿದರೂ, ದೀಪ, ಪಂಪುಗಳಿಗಾಗಿ ಸಹಾಯಕ ಯಂತ್ರಗಳು ದುಡಿಯುತ್ತಲೇ ಇರುವುವು. 1000 ಕಿಲೋವಾಟಿನ ಯಂತ್ರವೊಂದು ಅರ್ಧಭಾರದಲ್ಲಿ 24 ಗಂಟೆ ನಡೆದರೆ 12,000 ಯೂನಿಟ್ ಶಕ್ತಿಯಾಗುವುದು. ಯೂನಿಟ್ಟಿಗೆ ಇಷ್ಟು ಗ್ರಾಮೆಂಬ ಗುಣಕದಿಂದ ಅದನ್ನು ಗುಣಿಸಿದೊಡನೆ ಗಂಧಕ, ಸಾರಜನಕಗಳ ಆಕ್ಸೈಡುಗಳ ಮೊತ್ತವು ದೊರೆಯುವುದು. ಗಾಳಿಯ ವೇಗ, ದಿಕ್ಕುಗಳನ್ನೂ ಕೂಡಿಸಿದಾಗ, ನಾಳೆಯ ಹೊಗೆ ಯಾವ ಕೇರಿಯ ಮೇಲೆ ಇಳಿಯುವುದೆಂಬ ಮುನ್ನರಿವೂ ಲಭಿಸುವುದು. ಇಂಧನದಲ್ಲಿನ ಗಂಧಕ ತಗ್ಗಿದರೆ ಅದರ ಗುಣಕವೂ ತಗ್ಗುವುದು; 2020ರಿಂದ ಹಡಗಿನ ಇಂಧನದ ಗಂಧಕದ ಮಿತಿಯು ಶೇ. 3.5ರಿಂದ 0.5ಕ್ಕೆ ಇಳಿದಿದೆ. ಕಾಣದುದನ್ನು ಲೆಕ್ಕಕ್ಕೆ ತಂದು ಕರಾವಳಿಯ ಉಸಿರನ್ನು ಕಾಯುವ ಈ ಗಣಿತವು ನಮ್ಮೆಲ್ಲರ ಗೌರವಕ್ಕೆ ಪಾತ್ರವಾದುದು.