ನಲ್ ಆಚೆಗಿನ ನೆರೆಮನೆ

ಪುಟ್‌ಎನ್ವ್ ಮೇಲೋ ಸೆಟ್‌ಎನ್ವ್ ಮೇಲೋ ಎಂಬ ಹಳೆಯ ಜಗಳವನ್ನು ಈ ವಾರ ತೀರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ತೀರ್ಪು ಚಿಕ್ಕದು. ಪುಟ್‌ಎನ್ವ್ ನೀವು ಕೊಟ್ಟ ಸ್ಟ್ರಿಂಗನ್ನು ನಕಲು ಮಾಡಿಕೊಳ್ಳುವುದಿಲ್ಲ, ಅದರ ಪಾಯಿಂಟರನ್ನೇ ಎನ್ವಿರಾನ್ಮೆಂಟ್ ಪಟ್ಟಿಗೆ ಸೇರಿಸುತ್ತದೆ. ಫಂಕ್ಷನ್ನಿನೊಳಗಿನ ಲೋಕಲ್ ಅರೇ ಕೊಟ್ಟಿರೋ, ಆ ಫಂಕ್ಷನ್ ಮುಗಿದ ಮೇಲೆ ಎನ್ವಿರಾನ್ಮೆಂಟಿನಲ್ಲಿ ಉಳಿಯುವುದು ಕಸ. ಸೆಟ್‌ಎನ್ವ್ ನಕಲು ಮಾಡಿಕೊಳ್ಳುತ್ತದೆ. ಆರಿಸಲೇಬೇಕಾದರೆ ಅದೇ ಸರಿ. ಆದರೆ ಆರಿಸಲೇಬೇಕೇ? ಸಿ ಸ್ಟ್ಯಾಂಡರ್ಡ್ ಕೊಟ್ಟಿರುವುದು ಓದುವ ಗೆಟ್‌ಎನ್ವ್ ಒಂದನ್ನೇ. ಬರೆಯುವ ಈ ಇಬ್ಬರೂ ಪೋಸಿಕ್ಸ್ ಕಡೆಯವರು.

ಎನ್ವಿರಾನ್ಮೆಂಟಿಗೆ ಬರೆಯುವುದು ಏಕೆ ತೊಡಕಿನದೆಂದು ತಿಳಿಯಬೇಕಾದರೆ ರಿಚರ್ಡ್ ಸ್ಟೀವನ್ಸ್ 1992ರಲ್ಲಿ ಪ್ರಕಟಿಸಿದ 'ಅಡ್ವಾನ್ಸ್ಡ್ ಪ್ರೋಗ್ರಾಮಿಂಗ್ ಇನ್ ದ ಯುನಿಕ್ಸ್ ಎನ್ವಿರಾನ್ಮೆಂಟ್' ಪುಸ್ತಕದ ಏಳನೆಯ ಅಧ್ಯಾಯ ತೆರೆಯಬೇಕು. ನಾನು ಮತ್ತೆ ಮತ್ತೆ ಹೋಗುವ ಪುಟಗಳವು. ಎನ್ವಿರಾನ್ಮೆಂಟ್ ಪಟ್ಟಿ ಕೂತಿರುವುದು ಸ್ಟ್ಯಾಕಿನ ಮೇಲ್ತುದಿಯಲ್ಲಿ, ಎಂದು ಶುರುಮಾಡುತ್ತಾರೆ. ಮೇಲೆ ಜಾಗವಿಲ್ಲ, ಕೆಳಗೆ ಸ್ಟ್ಯಾಕ್ ಫ್ರೇಮುಗಳಿವೆ, ಅತ್ತ ಸರಿಯುವಂತಿಲ್ಲ. ಅಳಿಸುವುದು ಸುಲಭ, ಮುಂದಿನ ಪಾಯಿಂಟರ್‌ಗಳನ್ನು ಒಂದೊಂದು ಮನೆ ಹಿಂದೆ ಸರಿಸಿದರಾಯಿತು. ಹೊಸ ಮೌಲ್ಯ ಹಳೆಯದಕ್ಕಿಂತ ಉದ್ದವಾದರೆ ಅದಕ್ಕೆ ಮ್ಯಾಲಾಕ್ ಬೇಕು. ಹೊಸ ಹೆಸರೇ ಬಂದರೆ ಪಾಯಿಂಟರ್‌ಗಳ ಪಟ್ಟಿಯನ್ನೇ ಹೀಪಿಗೆ ಹೊತ್ತುಕೊಂಡು ಹೋಗಿ, ಎನ್ವಿರಾನ್ ಎಂಬ ಗ್ಲೋಬಲ್ ಪಾಯಿಂಟರನ್ನು ಅಲ್ಲಿಗೆ ತಿರುಗಿಸಬೇಕು.

ಹೀಗೆ ಗಂಟುಮೂಟೆ ಕಟ್ಟುವ ಹೊತ್ತಿನಲ್ಲೇ ಇನ್ನೊಂದು ಥ್ರೆಡ್ ಗೆಟ್‌ಎನ್ವ್ ಕರೆದು ಹಳೆಯ ಪಟ್ಟಿಯಲ್ಲಿ ಹುಡುಕುತ್ತಿದ್ದರೆ? ಪ್ರೋಗ್ರಾಮ್ ಕುಸಿಯುತ್ತದೆ, ಅದೂ ನಾವು ನೋಡುತ್ತಿರುವಾಗಲ್ಲ. ಈ ಅಪಾಯಕ್ಕಾಗಿಯೇ ರಸ್ಟ್ ಭಾಷೆ ತನ್ನ 2024ರ ಎಡಿಷನ್ನಿನಲ್ಲಿ ಸೆಟ್ ವಾರ್ ಫಂಕ್ಷನ್ನಿಗೆ ಅನ್‌ಸೇಫ್ ಎಂದು ಹಣೆಪಟ್ಟಿ ಹಚ್ಚಿತು. ನನ್ನ ಪಟ್ಟು ಇಷ್ಟೇ: ಮೇನ್ ಶುರುವಾದ ಕೂಡಲೇ ಬೇಕಾದ್ದನ್ನೆಲ್ಲ ಓದಿ ಸ್ವಂತ ಸ್ಟ್ರಕ್ಟಿಗೆ ನಕಲು ಮಾಡಿಕೊಳ್ಳಿ, ಆಮೇಲೆ ಅತ್ತ ತಿರುಗಿ ನೋಡಬೇಡಿ. ಮಗು ಪ್ರೋಸೆಸ್‌ಗೆ ಬೇರೆ ಎನ್ವಿರಾನ್ಮೆಂಟ್ ಬೇಕಾದರೆ ಫೋರ್ಕ್‌ಗೆ ಮುಂಚೆಯೇ ಹೊಸ ಅರೇ ಕಟ್ಟಿ ಎಕ್ಸೆಕ್‌ವಿಇ ಕೈಗೆ ಕೊಡಿ.

2011ರಲ್ಲಿ ಹೆರೋಕು ಬಳಗದಿಂದ ಬಂದ 'ಟ್ವೆಲ್ವ್ ಫ್ಯಾಕ್ಟರ್' ಪಂಥದ ಮೇಲೂ ನನ್ನ ತಕರಾರಿದೆ. ಕಾನ್ಫಿಗರೇಷನ್ ಎಲ್ಲ ಎನ್ವಿರಾನ್ಮೆಂಟಿನಲ್ಲಿರಲಿ ಎಂದ ಅವರ ಮಾತು ಹಿಡಿದು ಜನ ಡೇಟಾಬೇಸ್ ಪಾಸ್‌ವರ್ಡನ್ನೂ ಅಲ್ಲಿಯೇ ತುಂಬುತ್ತಾರೆ. ನೀವು ತಡೆಯದಿದ್ದರೆ ಅದು ಪ್ರತಿ ಮಗು ಪ್ರೋಸೆಸ್‌ಗೂ ಪಿತ್ರಾರ್ಜಿತವಾಗಿ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದೇ ಯೂಸರ್‌ನ ಇತರ ಪ್ರೋಸೆಸ್‌ಗಳು ಸಾಮಾನ್ಯವಾಗಿ ಪ್ರಾಕ್ ಡೈರೆಕ್ಟರಿಯ ಎನ್ವಿರಾನ್ ಫೈಲಿನಲ್ಲಿ ಅದನ್ನು ಓದಬಹುದು. ಟೈಮ್‌ಜೋನ್, ಲೊಕೇಲ್ ಅಲ್ಲಿರಲಿ. ಗುಟ್ಟುಗಳಿಗೆ 0600 ಪರ್ಮಿಷನ್ನಿನ ಫೈಲು ಸಾಕು.

ಸೆಟ್‌ಎನ್ವ್ ವಿಚಾರ ಬದಿಗಿಡುತ್ತೇನೆ. ಅದಕ್ಕಿಂತ ರೋಚಕವಾದದ್ದು, ಬೇರೊಂದು ಪ್ರೋಗ್ರಾಮನ್ನು ಇನ್ನೊಬ್ಬ ಯೂಸರ್‌ನ ಅಧಿಕಾರದಲ್ಲಿ ಓಡಿಸಿಕೊಡುವ ಪಿಕೆಎಕ್ಸೆಕ್ ಎಂಬ ಪ್ರೋಗ್ರಾಮಿನ ಕಥೆ. ಕರ್ನಲ್ ಹೊಸ ಪ್ರೋಗ್ರಾಮನ್ನು ಎಬ್ಬಿಸುವಾಗ ಆರ್ಗ್‌ವಿ ಪಾಯಿಂಟರ್‌ಗಳನ್ನು ಸಾಲಾಗಿಟ್ಟು, ಕೊನೆಗೊಂದು ನಲ್ ಇಟ್ಟು, ಅದರ ಬೆನ್ನಿಗೇ ಎನ್ವ್‌ಪಿ ಪಾಯಿಂಟರ್‌ಗಳನ್ನು ಇಡುತ್ತದೆ. ಪ್ರೋಗ್ರಾಮಿನ ಹೆಸರನ್ನೂ ಕೊಡದೆ ಖಾಲಿ ಆರ್ಗ್‌ವಿಯಲ್ಲಿ ಎಬ್ಬಿಸಿದರೆ ಆರ್ಗ್‌ಸಿ 0. ಸೊನ್ನೆಯ ಜಾಗದಲ್ಲಿ ನಲ್. ಆರ್ಗ್‌ವಿಯ 1ನೇ ಮನೆ ಎಂದು ಇಣುಕಿದರೆ ಕಾಣುವುದು ಮೊದಲ ಎನ್ವಿರಾನ್ಮೆಂಟ್ ವೇರಿಯೇಬಲ್. ರೂಟ್ ಅಧಿಕಾರದಲ್ಲಿ ಓಡುವ ಪಿಕೆಎಕ್ಸೆಕ್ ಯೋಚಿಸದೆ 1ರಿಂದಲೇ ಎಣಿಸುತ್ತಿತ್ತು. ಅಲ್ಲಿ ಸಿಕ್ಕಿದ್ದನ್ನು ಪ್ರೋಗ್ರಾಮಿನ ಹೆಸರೆಂದು ನಂಬಿ, ಪಾತ್‌ನಲ್ಲಿ ಹುಡುಕಿ, ಸಿಕ್ಕ ಪೂರ್ತಿ ವಿಳಾಸವನ್ನು ಅದೇ ಮನೆಗೆ ಬರೆಯುತ್ತಿತ್ತು. 'ಜಿಕಾನ್ವ್ ಪಾತ್ ಈಕ್ವಲ್ ಡಾಟ್' ಎಂಬ ಹೆಸರಿನದೇ ಡೈರೆಕ್ಟರಿ ಮಾಡಿ ಪಾತ್‌ನಲ್ಲಿಟ್ಟರೆ ಆ ವಿಳಾಸವೇ ಒಂದು ವೇರಿಯೇಬಲ್ ಆಗಿಬಿಡುತ್ತದೆ. ಅದೂ ಎಂಥದ್ದು, ಸೆಟ್‌ಯುಐಡಿ ಪ್ರೋಗ್ರಾಮುಗಳಿಗೆ ಅಪಾಯವೆಂದು ಡೈನಾಮಿಕ್ ಲಿಂಕರ್ ಆಗಷ್ಟೇ ಕಿತ್ತು ಬಿಸಾಡುವ ಜಾತಿಯದು! ಮುಂದೆ ಒಂದು ಎರರ್ ಮೆಸೇಜು ಅಚ್ಚಾಗುವಾಗ ಅಕ್ಷರ ಪರಿವರ್ತನೆಯ ನೆಪದಲ್ಲಿ ದಾಳಿಕೋರನ ಲೈಬ್ರರಿ ಲೋಡ್ ಆಗುತ್ತಿತ್ತು. ಅಲ್ಲಿಗೆ ರೂಟ್ ಅವನ ಪಾಲು.

2009ರ ಮೇ ತಿಂಗಳಿಂದ ಕೋಡಿನಲ್ಲಿದ್ದ ಈ ದೋಷವನ್ನು ಕ್ವಾಲಿಸ್ ಸಂಶೋಧಕರು ಬಹಿರಂಗಪಡಿಸಿದ್ದು 2022ರ ಜನವರಿಯಲ್ಲಿ. ಪಿಕೆಎಕ್ಸೆಕ್‌ಗೆ ಆರ್ಗ್‌ಸಿ ಪರೀಕ್ಷೆ ಬಂತು. ಲಿನಕ್ಸ್ ಕರ್ನಲ್ 5.18ರಿಂದ ಖಾಲಿ ಆರ್ಗ್‌ವಿಗೆ ತಾನೇ ಒಂದು ಖಾಲಿ ಸ್ಟ್ರಿಂಗ್ ತುಂಬುತ್ತದೆ. ಓಪನ್‌ಬಿಎಸ್‌ಡಿ ಕರ್ನಲ್ ಮಾತ್ರ ಈ ಗಲಾಟೆಗೆ ಮುಂಚೆಯೇ ಖಾಲಿ ಆರ್ಗ್‌ವಿಯ ಎಕ್ಸೆಕ್‌ವಿಇ ಕರೆಯನ್ನು ತಿರಸ್ಕರಿಸುತ್ತಿತ್ತು.