ಒಂದೇ ಗೆರೆಯ ಮುನ್ನಂದಾಜು: ಇಂಧನ ಬೇಡಿಕೆ ಮತ್ತು ಹೊಸ ತೈಲ ಶುದ್ಧೀಕರಣಾಗಾರ

ತೈಲ ಶುದ್ಧೀಕರಣಾಗಾರವನ್ನು ಕಟ್ಟಲು ಹಲವು ವರ್ಷ ಬೇಕು. ಕಟ್ಟಿದ ಮೇಲೆ ಅದು ದಶಕಗಳ ಕಾಲ ನಡೆಯಬೇಕು. ಆದ್ದರಿಂದ ಮುಂದಿನ ಇಪ್ಪತ್ತೈದು ವರ್ಷಗಳ ಬೇಡಿಕೆಯನ್ನು ಇಂದೇ ಅಂದಾಜಿಸುವುದು ಅನಿವಾರ್ಯ. 2000ದಲ್ಲಿ ಭಾರತ ಸರ್ಕಾರ ಸಿದ್ಧಪಡಿಸಿದ 'ಹೈಡ್ರೋಕಾರ್ಬನ್ ವಿಷನ್ 2025' ಇಂತಹ ಒಂದು ಪ್ರಯತ್ನ. ಅದರ ಅವಧಿ ಮುಗಿದಿರುವುದರಿಂದ ಅಂದಾಜನ್ನು ವಾಸ್ತವದೊಡನೆ ಹೋಲಿಸಿ ನೋಡಬಹುದು.

1998-99ರಲ್ಲಿ ದೇಶದ ತೈಲೋತ್ಪನ್ನಗಳ ಬಳಕೆ ಸುಮಾರು 9.1 ಕೋಟಿ ಟನ್. ಅದು 2011-12ಕ್ಕೆ 19.5 ಕೋಟಿ ಟನ್ನಿಗೆ, 2024-25ಕ್ಕೆ 36 ಕೋಟಿ ಟನ್ನಿಗೂ ಮೇಲಕ್ಕೆ ಏರುವುದೆಂದು ವರದಿ ಲೆಕ್ಕಹಾಕಿತ್ತು. ನಿಜವಾದ ಬಳಕೆ ಆ ವರ್ಷಗಳಲ್ಲಿ ಕ್ರಮವಾಗಿ ಸುಮಾರು 14.8 ಕೋಟಿ ಮತ್ತು 24 ಕೋಟಿ ಟನ್.

ಈ ಅಂತರ ಹೇಗೆ ಬಂತು? 26 ವರ್ಷಗಳಲ್ಲಿ ನಾಲ್ಕು ಪಟ್ಟು ಎಂದರೆ 13 ವರ್ಷಕ್ಕೊಮ್ಮೆ ದುಪ್ಪಟ್ಟು. 70ನ್ನು 13ರಿಂದ ಭಾಗಿಸಿದರೆ ವಾರ್ಷಿಕ ದರ ಸುಮಾರು ಶೇ. 5.4. ವಾಸ್ತವದ ದರ ಸುಮಾರು ಶೇ. 3.7. ದರದ ವ್ಯತ್ಯಾಸ ಶೇ. 2ರಷ್ಟೂ ಇಲ್ಲ. ಆದರೆ ಚಕ್ರಬಡ್ಡಿಯಂತೆ ಬೆಳೆದು ಅದು ಕೊನೆಗೆ 12 ಕೋಟಿ ಟನ್ ಆಯಿತು. ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಮಂಗಳೂರಿನ ಶುದ್ಧೀಕರಣಾಗಾರದಂತಹ ಎಂಟು ಘಟಕಗಳಿಗೆ ಇದು ಸಮ!

ದರ ತಪ್ಪಿದ್ದಕ್ಕೆ ವರದಿಯನ್ನು ದೂರುವುದು ನ್ಯಾಯವಲ್ಲ. ಒಟ್ಟು ಮೊತ್ತವನ್ನೇ ನೆಚ್ಚಿ ಯೋಜಿಸುವ ಕ್ರಮವನ್ನು ಮಾತ್ರ ಪ್ರಶ್ನಿಸಲೇಬೇಕು. 2000-01ರಲ್ಲಿ ಸೀಮೆಎಣ್ಣೆಯ ಬಳಕೆ 1.1 ಕೋಟಿ ಟನ್ನಿಗೂ ಹೆಚ್ಚಿತ್ತು. ಅಡುಗೆ ಅನಿಲ ಮತ್ತು ವಿದ್ಯುತ್ತು ಮನೆಮನೆಗೆ ತಲುಪಿ, 2022-23ರ ಹೊತ್ತಿಗೆ ಅದು ಸುಮಾರು 5 ಲಕ್ಷ ಟನ್ನಿಗೆ ಇಳಿಯಿತು. ಅದೇ ಅವಧಿಯಲ್ಲಿ ಒಂದು ಟನ್ ಪೆಟ್ರೋಲಿಗೆ ಐದೂವರೆ ಟನ್ನಿಗೂ ಹೆಚ್ಚಿದ್ದ ಡೀಸೆಲ್ ಬಳಕೆ ಎರಡೂವರೆ ಟನ್ನಿನ ಆಸುಪಾಸಿಗೆ ಬಂತು. ಕಚ್ಚಾತೈಲದಿಂದ ಯಾವ ಉತ್ಪನ್ನ ಎಷ್ಟು ಸಿಗಬೇಕೆಂಬುದನ್ನು ಇಷ್ಟಬಂದಂತೆ ಬದಲಿಸಲಾಗದು. ಅದಕ್ಕೆ ಹೊಸ ಘಟಕಗಳೇ ಬೇಕು.

ಇನ್ನು ವಿತರಣೆ. ಮಂಗಳೂರಿನ ಶುದ್ಧೀಕರಣಾಗಾರ 1996ರಲ್ಲಿ ಆರಂಭವಾಯಿತು. ಆದರೆ ದೊಡ್ಡ ಮಾರುಕಟ್ಟೆ ಇದ್ದುದು ಘಟ್ಟದ ಮೇಲೆ. ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 362 ಕಿ.ಮೀ. ಕೊಳವೆ ಮಾರ್ಗ ಸಿದ್ಧವಾದದ್ದು 2003ರಲ್ಲಿ. ಕೊಳವೆಯ ವ್ಯಾಸವನ್ನು ನಿರ್ಧರಿಸುವುದು ಆ ಪ್ರದೇಶದ ಬೇಡಿಕೆಯೇ ಹೊರತು ದೇಶದ ಒಟ್ಟು ಬೇಡಿಕೆಯಲ್ಲ. ಇಲ್ಲಿ ಭೌತಶಾಸ್ತ್ರ ಯೋಜಕನಿಗೆ ನೆರವಾಗುತ್ತದೆ: ಪ್ರಕ್ಷುಬ್ಧ ಹರಿವಿನಲ್ಲಿ, ಒತ್ತಡದ ಇಳಿಕೆ ಅಷ್ಟೇ ಇದ್ದರೆ, ವ್ಯಾಸವನ್ನು ಶೇ. 12ರಷ್ಟು ಹೆಚ್ಚಿಸಿದಾಗ ಹರಿವು ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಅಂದಾಜು ಕಡಿಮೆಯಾದರೂ ಕೊಳವೆ ನಿಭಾಯಿಸಬಲ್ಲದು; ಹೆಚ್ಚಾದರೆ ಅರೆಖಾಲಿ ಸಾಮರ್ಥ್ಯದ ವೆಚ್ಚವನ್ನು ಹೊರಬೇಕು.

ಕರಾವಳಿಯ ಘಟಕಕ್ಕೆ ಇನ್ನೊಂದು ದಾರಿಯಿದೆ. ಮಿಕ್ಕದ್ದನ್ನು ಹಡಗಿಗೆ ತುಂಬಬಹುದು. 2023-24ರಲ್ಲಿ ಭಾರತ 6 ಕೋಟಿ ಟನ್ನಿಗೂ ಹೆಚ್ಚು ತೈಲೋತ್ಪನ್ನಗಳನ್ನು ರಫ್ತು ಮಾಡಿತು. ಒಳನಾಡಿನ ಘಟಕಕ್ಕೆ ಈ ಅನುಕೂಲ ಸುಲಭವಾಗಿ ಸಿಗದು. ಅಲ್ಲಿ ಮುನ್ನಂದಾಜಿನ ತಪ್ಪಿಗೆ ತೆರುವ ಬೆಲೆ ಹೆಚ್ಚು.

ಆದ್ದರಿಂದ ಮುನ್ನಂದಾಜು ಉತ್ಪನ್ನವಾರು, ಪ್ರದೇಶವಾರು ಇರಬೇಕು. ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ತಿಳಿಸಬೇಕು. ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಯಾಗಬೇಕು. ಪ್ರಯೋಗಶಾಲೆಯಲ್ಲಿ ದೋಷಮಿತಿಯನ್ನು ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕಡಿತ ಮಾಡುತ್ತೇವೆ. ಸಾವಿರಾರು ಕೋಟಿ ರೂಪಾಯಿಗಳ ಯೋಜನೆಗಳಿಗೂ ಅದೇ ನಿಯಮ ಅನ್ವಯಿಸಬೇಡವೆ?